ಪಲ್ಪಿಂಗ್ ನೀರಿಗೆ ಟಿಡಿಎಸ್ ಮೀಟರ್ ಹಿಡಿದರೆ ಏನೂ ಗೊತ್ತಾಗಲ್ಲ

ಪ್ರಶ್ನೆ: ಸರ್, ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಯಂತ್ರದ ನೀರನ್ನು ಗುಂಡಿಗೆ ಬಿಡ್ತೀವಿ, ತುಂಬಿದಾಗ ಒಂದಿಷ್ಟು ಹಳ್ಳಕ್ಕೆ ಹೋಗುತ್ತೆ. ವಾಸನೆ ಬರ್ತಿದೆ, ಮೀನು ಸಾಯ್ತಿವೆ ಅಂತ ಕೆಳಗಿನ ಊರಿನವರು ಬಂದು ಜಗಳ ಮಾಡಿದರು. ನಾನು ಆನ್‌ಲೈನಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಅಂಶ) ಮೀಟರ್ ತರಿಸಿ ಹಳ್ಳದ ನೀರು ನೋಡಿದೆ. 140 ತೋರಿಸ್ತು. ಕುಡಿಯೋ ನೀರಿಗೇ 500ರವರೆಗೆ ಪರವಾಗಿಲ್ಲ ಅಂತಾರೆ. ಅಂದರೆ ನಮ್ಮಿಂದ ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ. ಆ ಮೀಟರಿಗೆ ಅದು ಕಾಣ್ತಿಲ್ಲ, ಅಷ್ಟೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಒಂದು ಲೋಟ ನೀರಿಗೆ ಎರಡು ಚಮಚ ಸಕ್ಕರೆ ಕರಗಿಸಿ ಮೀಟರ್ ಅದ್ದಿ, ಅಂಕಿ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತೆ. ಇನ್ನೊಂದು ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ, ಒಂದೇ ಸಲಕ್ಕೆ ಮೇಲೆ ಹೋಗುತ್ತೆ. ಈ ಮೀಟರ್ ಅಳೆಯೋದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅನ್ನೋದನ್ನ. ಉಪ್ಪಿನ ಅಂಶ ಕರೆಂಟ್ ಹರಿಸುತ್ತೆ, ಸಕ್ಕರೆ ಹರಿಸಲ್ಲ. ಕಾಫಿ ಹಣ್ಣಿನ ಲೋಳೆಯಲ್ಲಿ ಇರೋದು ಮುಖ್ಯವಾಗಿ ಸಕ್ಕರೆ ಮತ್ತು ಪೆಕ್ಟಿನ್ ಅನ್ನೋ ಅಂಟು.

ಮೀನು ಸಾಯೋದು ಆ ಸಕ್ಕರೆಯಿಂದಲೇ. ಅದು ಹಳ್ಳ ಸೇರಿದ ಕೂಡಲೇ ಬ್ಯಾಕ್ಟೀರಿಯಾ ಅದನ್ನು ತಿಂದು ಬೆಳೆಯುತ್ತವೆ, ತಿನ್ನುವಾಗ ನೀರಲ್ಲಿ ಕರಗಿದ ಆಮ್ಲಜನಕವನ್ನು ಖಾಲಿ ಮಾಡುತ್ತವೆ, ಮೀನಿಗೆ ಉಸಿರಾಡೋಕೆ ಏನೂ ಉಳಿಯಲ್ಲ. ಹೀಗೆ ಎಷ್ಟು ಆಮ್ಲಜನಕ ಖರ್ಚಾಗುತ್ತೆ ಅನ್ನೋ ಲೆಕ್ಕಕ್ಕೆ ಬಿಒಡಿ ಅಂತಾರೆ. ಹಳ್ಳ, ಹೊಳೆಗೆ ಬಿಡುವ ನೀರಲ್ಲಿ ಲೀಟರಿಗೆ 30 ಮಿಲಿಗ್ರಾಂ ದಾಟಬಾರದು ಅನ್ನೋದು ಸಾಮಾನ್ಯ ಮಿತಿ. ಸಂಸ್ಕರಿಸದ ಪಲ್ಪಿಂಗ್ ನೀರಲ್ಲಿ ಅದು ಸಾವಿರಗಳಲ್ಲಿರುತ್ತೆ. ಅದರ ಜೊತೆಗೆ ನಮ್ಮಲ್ಲಿ ಪಲ್ಪಿಂಗ್ ಜೋರಾಗಿ ನಡೆಯೋದೇ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಹಳ್ಳಗಳು ಸಣ್ಣಗಾಗುವ ಹೊತ್ತಿಗೆ. ನಿಮ್ಮ ಕಡೆಯ ಹಳ್ಳಗಳು ಹೆಚ್ಚಾಗಿ ಸೇರೋದು ಹೇಮಾವತಿಗೆ, ಕೆಳಗೆ ಸಕಲೇಶಪುರ ಇದೆ, ಗೊರೂರು ಇದೆ.

ಹಾಗಾಗಿ ನಿಮಗೆ ಬೇಕಾದ್ದು ಎರಡು ಮೀಟರ್. ಮೊದಲನೆಯದು ಪಿಎಚ್ ಮೀಟರ್, ನೀರಿನ ಹುಳಿ ಅಳೆಯೋದು. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಪಲ್ಪಿಂಗ್ ನೀರು ಹುಳಿ ಬಂದು ಪಿಎಚ್ 4ರ ಆಸುಪಾಸಿಗೆ ಇಳಿಯುತ್ತೆ. ಶುದ್ಧ ನೀರಿನ 7ಕ್ಕೆ ಹೋಲಿಸಿದರೆ ಇದು ಸಾವಿರ ಪಟ್ಟು ಹುಳಿ. ಗುಂಡಿಗೆ ಸುಣ್ಣ ಎಷ್ಟು ಹಾಕಬೇಕು, ಸಾಕಾಯ್ತಾ ಇಲ್ವಾ ಅಂತ ಈ ಮೀಟರ್ ಹೇಳುತ್ತೆ. ಬಳಸುವಾಗ ಜೋಪಾನ. ಲೋಳೆ ನೀರಿಗೆ ಅದ್ದಿದಾಗ ತುದಿಯ ಗಾಜಿನ ಬುರುಡೆ ಮೇಲೆ ತೆಳ್ಳಗೆ ಅಂಟು ಕೂರುತ್ತೆ, ಆಮೇಲೆ ಯಾವ ನೀರಿಗೆ ಅದ್ದಿದರೂ ಅಂಕಿ ನಿಧಾನಕ್ಕೆ ತೆವಳಿಕೊಂಡು ಎಲ್ಲೋ ನಿಂತುಬಿಡುತ್ತೆ. ಪ್ರತಿ ಸಲ ಶುದ್ಧ ನೀರಲ್ಲಿ ತೊಳೆಯಿರಿ. ಉಜ್ಜಬೇಡಿ, ಟಿಶ್ಯೂ ಒತ್ತಿ ತೇವ ತೆಗೆಯಿರಿ. ಇಡುವಾಗ ಡಿಸ್ಟಿಲ್ಡ್ ವಾಟರಲ್ಲಿ ಇಡಬೇಡಿ, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಿ. ಪಲ್ಪಿಂಗ್ ಸಮಯದಲ್ಲಿ ದಿನಾ ಬೆಳಗ್ಗೆ 4 ಮತ್ತು 7ರ ಬಫರ್‌ನಲ್ಲಿ, ಅಂದರೆ ಪಿಎಚ್ ಎಷ್ಟು ಅಂತ ಮೊದಲೇ ಗೊತ್ತಿರೋ ದ್ರಾವಣದಲ್ಲಿ, ಸರಿ ಇದೆಯಾ ನೋಡಿ. ಬಫರ್ ಇಲ್ಲದೆ ಬರೀ ಮೀಟರ್ ತಗೊಂಡರೆ ದುಡ್ಡು ದಂಡ.

ಒಂದು ಎಚ್ಚರಿಕೆ. ಸುಣ್ಣ ಹಾಕಿ ಪಿಎಚ್ 7ಕ್ಕೆ ಬಂತು ಅಂತ ಹಳ್ಳಕ್ಕೆ ಬಿಟ್ಟುಬಿಡಬೇಡಿ. ಸುಣ್ಣ ಹುಳಿಯನ್ನು ತೆಗೆಯುತ್ತೆ, ಸಕ್ಕರೆಯನ್ನಲ್ಲ. ಸಕ್ಕರೆ ಕೊಳೆತು ಇಲ್ಲವಾಗಬೇಕಾದರೆ ಇಂಗದಂತೆ ಶೀಟ್ ಹಾಸಿದ ಗುಂಡಿಯಲ್ಲಿ ನೀರು ನಿಂತು ಬ್ಯಾಕ್ಟೀರಿಯಾ ಕೆಲಸ ಮಾಡಬೇಕು, ಅದಕ್ಕೆ ಪಿಎಚ್ 7ರ ಹತ್ತಿರ ಇರಬೇಕು. ಸುಣ್ಣ ಬೇಕಾಗಿರೋದು ಅದಕ್ಕೆ. ಗುಂಡಿಯ ಅಳತೆ, ವಿನ್ಯಾಸಕ್ಕೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಕೇಳಿ.

ಎರಡನೆಯದು ಡಿಒ ಮೀಟರ್, ಕರಗಿದ ಆಮ್ಲಜನಕ ಅಳೆಯೋದು. ಮೊದಲೆಲ್ಲ ತೆಳು ಪೊರೆ, ಒಳಗೆ ದ್ರಾವಣ ಇರುವ ಪ್ರೋಬ್ ಬರ್ತಿತ್ತು. ಪೊರೆ ಹರಿದರೆ ಮುಗೀತು. ಈಗಿನ ಆಪ್ಟಿಕಲ್ ಪ್ರೋಬ್‌ಗೆ ಆ ಗೋಳಿಲ್ಲ. ತುದಿಯಲ್ಲಿರೋ ಬಣ್ಣದ ಪದರಕ್ಕೆ ನೀಲಿ ಬೆಳಕು ಬಿದ್ದಾಗ ಅದು ಕೆಂಪಗೆ ಹೊಳೆಯುತ್ತೆ, ಆಮ್ಲಜನಕ ಜಾಸ್ತಿ ಇದ್ದಷ್ಟೂ ಹೊಳಪು ಬೇಗ ಆರುತ್ತೆ, ಅದರಿಂದ ಲೆಕ್ಕ ಸಿಗುತ್ತೆ. ಬೆಲೆ ಜಾಸ್ತಿ, ನಿಜ. ಒಂದೇ ಹಳ್ಳದ ದಂಡೆಯ ನಾಲ್ಕೈದು ತೋಟದವರು ಸೇರಿ ತಗೊಳ್ಳಿ. ಮೀಟರಲ್ಲಿ ನಿಮ್ಮ ಜಾಗದ ಎತ್ತರ ಹಾಕೋದು ಮರೀಬೇಡಿ. ಸಮುದ್ರ ಮಟ್ಟದಲ್ಲಿ 25 ಡಿಗ್ರಿ ನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತೆ, ಸಾವಿರ ಮೀಟರ್ ಎತ್ತರದಲ್ಲಿ ಹಿಡಿಯೋದು 7.3ರಷ್ಟೇ. ಸೂರ್ಯ ಹುಟ್ಟೋ ಮೊದಲು ಅಳೆಯಿರಿ, ಆಮ್ಲಜನಕ ಅತಿ ಕಡಿಮೆ ಇರೋದು ಆಗಲೇ. ನಿಮ್ಮ ಗುಂಡಿಯ ಮೇಲ್ಗಡೆ ಒಂದು ಕಡೆ, ಕೆಳಗಡೆ ಒಂದು ಕಡೆ ಹಳ್ಳದಲ್ಲಿ ನೋಡಿ. ಮೇಲೆ 6 ಇದ್ದು ಕೆಳಗೆ 4ಕ್ಕಿಂತ ಕಮ್ಮಿ ಬಂದರೆ ಕೆಳಗಿನವರ ಮಾತು ಸರಿ ಅಂತಲೇ ಅರ್ಥ. ಅವರನ್ನೂ ಕರ್ಕೊಂಡು ಹೋಗಿ ಅಳೆಯಿರಿ.

ಪ್ರಶ್ನೆ: ಚಿಕ್ಕಮಗಳೂರು ಪೇಟೆಯಲ್ಲೇ ನಮ್ಮ ಮನೆ. ಮಗಳಿಗೆ ಉಬ್ಬಸ ಇದೆ ಅಂತ ಗಾಳಿ ಅಳೆಯೋ ಸಣ್ಣ ಯಂತ್ರ ತಂದು ಬಾಲ್ಕನಿಯಲ್ಲಿ ಇಟ್ಟಿದ್ದೀನಿ. ಬೆಳಗ್ಗೆ ಪಿಎಂ 2.5 (ಗಾಳಿಯಲ್ಲಿನ ಅತಿ ಸಣ್ಣ ಕಣಗಳು) ಅಂತ 180 ತೋರಿಸುತ್ತೆ, ಹನ್ನೊಂದು ಗಂಟೆಗೆ 40. ಬೆಟ್ಟದ ಊರಲ್ಲೂ ಇಷ್ಟು ಮಾಲಿನ್ಯನಾ?

ಉತ್ತರ: ಅದರಲ್ಲಿ ದೊಡ್ಡ ಪಾಲು ಮಂಜು ಇರಬಹುದು. ಈ ಸಣ್ಣ ಯಂತ್ರದೊಳಗೆ ಲೇಸರ್ ಇದೆ, ಕಣಕ್ಕೆ ತಾಗಿ ಚದುರಿದ ಬೆಳಕನ್ನು ಲೆಕ್ಕ ಹಾಕುತ್ತೆ. ಹೊಗೆಯ ಕಣ, ಮಂಜಿನ ಹನಿ ಎರಡೂ ಅದಕ್ಕೆ ಒಂದೇ. ತೇವಕ್ಕೆ ಧೂಳಿನ ಕಣಗಳೂ ಉಬ್ಬುತ್ತವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ದೊಡ್ಡ ಕೇಂದ್ರಗಳಲ್ಲಿ ಗಾಳಿಯನ್ನು ಬಿಸಿ ಮಾಡಿ ಒಣಗಿಸಿ ಆಮೇಲೆ ಅಳೀತಾರೆ. ತೇವಾಂಶ ಶೇ 80 ದಾಟಿದಾಗ ನಿಮ್ಮ ಯಂತ್ರದ ಅಂಕಿ ನಂಬಬೇಡಿ, ಮೊಬೈಲಿನ ಸಮೀರ್ ಆ್ಯಪಲ್ಲಿ ಮಂಡಳಿಯ ಅಂಕಿ ನೋಡಿ. ಆದರೆ ಪೂರ್ತಿ ತಳ್ಳಿಹಾಕೋದೂ ಬೇಡ. ಚಳಿಗಾಲದ ಬೆಳಗ್ಗೆ ಗಾಳಿ ಆಡಲ್ಲ, ಬಚ್ಚಲೊಲೆ ಹೊಗೆ, ಕಸ ಸುಟ್ಟ ಹೊಗೆ ನೆಲಮಟ್ಟದಲ್ಲೇ ನಿಲ್ಲುತ್ತೆ. ಪಿಎಂ 2.5ಕ್ಕೆ ದೇಶದ ಮಿತಿ 24 ಗಂಟೆಯ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಯಂತ್ರವನ್ನು ಮಗಳು ಮಲಗೋ ಕೋಣೆಗೆ ತನ್ನಿ, ಊದುಬತ್ತಿ, ಸೊಳ್ಳೆಬತ್ತಿ ಹಚ್ಚಿದಾಗ ಅಂಕಿ ಎಷ್ಟು ಏರುತ್ತೆ ನೋಡಿ. ಆ ಯಂತ್ರದಿಂದ ನಿಮಗೆ ನಿಜವಾಗಿ ಪ್ರಯೋಜನ ಆಗೋದು ಅಲ್ಲಿ.

ಪ್ರಶ್ನೆ: ಒಣಗಿದ ಕಾಫಿಯ ಸಿಪ್ಪೆ ತೆಗೆದು ಹದ ಮಾಡೋ ಹಾಸನದ ಕ್ಯೂರಿಂಗ್ ಘಟಕವೊಂದರ ಪಕ್ಕದಲ್ಲಿ ಇದ್ದೀವಿ. ಧೂಳು ಹಿಡಿಯೋ ಬ್ಯಾಗ್ ಫಿಲ್ಟರ್ ಹಾಕಿದ್ದೀವಿ ಅಂತಾರೆ, ಆದರೂ ಒಣಗಿಸಿದ ಬಟ್ಟೆ ಮೇಲೆ ಧೂಳು. ಫಿಲ್ಟರ್ ಕೆಲಸ ಮಾಡ್ತಿದೆಯಾ ಅಂತ ಹೇಗೆ ತಿಳಿಯೋದು?

ಉತ್ತರ: ಫಿಲ್ಟರಿಗೆ ಒಂದು ಒತ್ತಡದ ಮೀಟರ್ ಇರಬೇಕು. ಗಾಳಿ ಒಳಗೆ ಹೋಗುವ ಕಡೆಗೂ ಹೊರಗೆ ಬರುವ ಕಡೆಗೂ ಇರುವ ವ್ಯತ್ಯಾಸವನ್ನು ಅದು ತೋರಿಸುತ್ತೆ. ಚೀಲಗಳು ಕಟ್ಟಿಕೊಂಡರೆ ಅಂಕಿ ಏರುತ್ತೆ, ಹರಿದಿದ್ದರೆ ಏಕಾಏಕಿ ಬೀಳುತ್ತೆ. ಮೀಟರ್ ತೋರಿಸಿ, ದಿನಾ ಬರೆದಿಟ್ಟ ಪುಸ್ತಕ ತೋರಿಸಿ ಅಂತ ಕೇಳಿ. ಎರಡೂ ಇಲ್ಲ ಅಂದರೆ, ಧೂಳು ಬಿದ್ದ ದಿನ ಮತ್ತು ಹೊತ್ತು ಬರೆದುಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಯ ಹಾಸನ ಕಚೇರಿಗೆ ಲಿಖಿತ ದೂರು ಕೊಡಿ.