ಹನ್ನೆರಡೋ, ಹದಿಮೂರೋ?

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಕಾಲೇಜು ಹುಡುಗಿಯರ ಸಾಫ್ಟ್‌ಬಾಲ್ (ಬೇಸ್‌ಬಾಲ್ ಜಾತಿಯ ಆಟ) ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ! ನಮ್ಮ ಜಿಲ್ಲೆಯಲ್ಲಿ ಕಬಡ್ಡಿ, ವಾಲಿಬಾಲ್ ಬಿಟ್ಟು ಬೇರೆ ಆಟದ ಲೆಕ್ಕ ಕೇಳುವವರು ಇದ್ದಾರೆ ಅಂತ ಗೊತ್ತಾಗಿ ಖುಷಿಯಾಯಿತು. ಹೊಸ ಓದುಗರಿಗೆ ನನ್ನ ಪರಿಚಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದೆ. ಈಗ ನಿವೃತ್ತಿಯಾಗಿ ಕಾರವಾರದ ಕಾಜುಬಾಗದಲ್ಲಿದ್ದೇನೆ. ಆದರೆ ಮನಸ್ಸಿನಲ್ಲಿ ನಾನು ಯಾವತ್ತೂ ಸ್ಕೋರರ್. ಪಂದ್ಯ ಯಾರದ್ದೇ ಇರಲಿ, ಮೇಜು ನನ್ನದು.

ಪ್ರಶ್ನೆ: ಮೇಡಂ, ಕ್ವಿಜ್‌ನಲ್ಲಿ ‘ಅಮೆರಿಕದ ಕಾಲೇಜು ಸಾಫ್ಟ್‌ಬಾಲ್ ಚಾಂಪಿಯನ್‌ಶಿಪ್ ಅತಿ ಹೆಚ್ಚು ಸಲ ಗೆದ್ದ ತಂಡ ಯಾವುದು, ಎಷ್ಟು ಸಲ?’ ಎಂದು ಕೇಳಿದರು. ಯುಸಿಎಲ್‌ಎ, 13 ಅಂದೆ. 12 ಅಂತ ಹೇಳಿ ಅಂಕ ಕೊಡಲಿಲ್ಲ. ಯಾರದ್ದು ಸರಿ?
— ಪದವಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಅವರದ್ದು ಸರಿ ತಂಗಿ. ಆದರೆ ನಿನ್ನದು ತಪ್ಪು ಅನ್ನುವುದಕ್ಕೂ ಬಾಯಿ ಬರುವುದಿಲ್ಲ.

ಅಲ್ಲಿ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ. ಅದು ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಚಾಂಪಿಯನ್‌ಶಿಪ್ ಶುರು ಮಾಡಿದ್ದು 1982ರಲ್ಲಿ. ಮೊದಲ ವರ್ಷವೇ ಗೆದ್ದದ್ದು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ. ಆಮೇಲೆ 1984, 1985, 1988, 1989, 1990, 1992, 1995, 1999, 2003, 2004, 2010, 2019. ಬೆರಳು ಮಡಚಿ ಎಣಿಸು, ಹದಿಮೂರೇ ಬರುತ್ತದೆ. ನೀನು ಎಣಿಸಿದ್ದೂ ಹೀಗೇ ಅಲ್ವಾ?

ಎಡವಟ್ಟಾಗಿದ್ದು 1995ರಲ್ಲಿ. ಆ ವರ್ಷ ಯುಸಿಎಲ್‌ಎ ಫೈನಲ್‌ನಲ್ಲಿ ಅರಿಜೋನಾವನ್ನು ಸೋಲಿಸಿತು, ಕಪ್ ಎತ್ತಿತು. ಆಟಗಾರ್ತಿಯರಿಗೆ ಸ್ಕಾಲರ್‌ಶಿಪ್ ಕೊಡುವಾಗ ನಿಯಮ ಮೀರಿದ್ದು ಆಮೇಲೆ ಹೊರಬಿತ್ತು. ಪ್ರಶಸ್ತಿ ವಾಪಸ್ ಹೋಯಿತು. ಹಾಗಂತ ಅರಿಜೋನಾಕ್ಕೂ ಕೊಡಲಿಲ್ಲ. ಆ ವರ್ಷದ ಸಾಲಿನಲ್ಲಿ ಚಾಂಪಿಯನ್ನೇ ಇಲ್ಲ. ಪಂದ್ಯ ನಡೆದಿದೆ, ಜನ ನೋಡಿದ್ದಾರೆ, ಸ್ಕೋರರ್ ಬರೆದಿದ್ದಾಳೆ. ಗೆದ್ದವರ ಜಾಗ ಮಾತ್ರ ಖಾಲಿ. ಆ ಸ್ಕೋರರ್‌ಗೆ ಹೇಗನಿಸಿತೋ ಎಂದು ನಾನು ಸುಮ್ನೆ ಯೋಚಿಸುತ್ತಿರುತ್ತೇನೆ.

ಇನ್ನೊಂದು ತೊಡಕೂ ಇದೆ. 1978ರಲ್ಲೂ ಯುಸಿಎಲ್‌ಎ ರಾಷ್ಟ್ರೀಯ ಚಾಂಪಿಯನ್. ಆದರೆ ಆಗ ಹೆಣ್ಣುಮಕ್ಕಳ ಕಾಲೇಜು ಆಟಗಳು ಎಐಎಡಬ್ಲ್ಯು ಎಂಬ ಬೇರೆ ಸಂಸ್ಥೆಯ ಕೈಯಲ್ಲಿದ್ದವು. ಅದನ್ನೂ ಸೇರಿಸಿದರೆ 14! ಪ್ರಶ್ನೆಯಲ್ಲಿ ‘ಎನ್‌ಸಿಎಎ’ ಎಂಬ ಮಾತಿದ್ದರೆ ಉತ್ತರ 12, ಸುಮ್ಮನೆ ಒಪ್ಪಿಕೋ. ಇರಲಿಲ್ಲವಾದರೆ ನೀನು ಅಲ್ಲೇ ಎದ್ದು ನಿಂತು ಜಗಳ ಆಡಬೇಕಿತ್ತು. (ಇದೆಲ್ಲ 2025ರ ಟೂರ್ನಿಯವರೆಗಿನ ಲೆಕ್ಕ.)

ಪ್ರಶ್ನೆ: ಯುಸಿಎಲ್‌ಎ ಹಳೇ ಕಥೆ ಮೇಡಂ. ಒಕ್ಲಹಾಮಾ ಸತತ ನಾಲ್ಕು ಸಲ ಗೆದ್ದಿದೆ. ಆ ನಾಲ್ಕರಲ್ಲಿ ಯಾವ ವರ್ಷದ ತಂಡ ಜೋರು?
— ಒಬ್ಬ ಅಭಿಮಾನಿ, ದಾಂಡೇಲಿ

ಉತ್ತರ: 2021ರಿಂದ 2024ರವರೆಗೆ ನಾಲ್ಕೂ ವರ್ಷ ಅವರದ್ದೇ. ಸತತ ನಾಲ್ಕು ಸಲ ಗೆದ್ದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. 2000, 2013, 2016, 2017ರದ್ದೂ ಸೇರಿಸಿದರೆ ಒಟ್ಟು 8. ಅರಿಜೋನಾದ್ದೂ 8. 2025ರಲ್ಲಿ ಟೆಕ್ಸಸ್ ಮೊದಲ ಸಲ ಗೆದ್ದು ಈ ಸರಪಳಿ ಕಡಿಯಿತು.

ಜೋರು ಯಾರು ಅನ್ನುವುದಕ್ಕೆ ಮೊದಲು ಆ ಟೂರ್ನಿ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕು. ನಮ್ಮ ನಾಕೌಟ್‌ನಲ್ಲಿ ಬೆಳಿಗ್ಗೆ ಸೋತರೆ ಮಧ್ಯಾಹ್ನದ ಬಸ್ಸಿಗೆ ಮನೆ. ಅಲ್ಲಿ ಹಾಗಲ್ಲ, ಫೈನಲ್‌ವರೆಗಿನ ಒಂದೊಂದು ಹಂತದಲ್ಲೂ ಎರಡು ಸಲ ಸೋತರೆ ಮಾತ್ರ ಮನೆ. 64 ತಂಡಗಳಲ್ಲಿ ಕೊನೆಗೆ ಉಳಿದ ಎಂಟು ತಂಡ ಒಕ್ಲಹಾಮಾ ಸಿಟಿಗೆ ಬರುತ್ತವೆ. ನಾಲ್ಕು ನಾಲ್ಕರ ಎರಡು ಗುಂಪು. ಗುಂಪು ಗೆದ್ದ ಇಬ್ಬರ ನಡುವೆ ಮೂರು ಪಂದ್ಯಗಳ ಫೈನಲ್, ಎರಡು ಗೆದ್ದವರಿಗೆ ಕಪ್. ಎಲ್ಲೂ ಸೋಲದೆ ಬಂದ ತಂಡ ಐದೇ ಪಂದ್ಯದಲ್ಲಿ ಚಾಂಪಿಯನ್ ಆಗಬಹುದು. ಮೊದಲ ಪಂದ್ಯವೇ ಸೋತ ತಂಡ ಎಂಟು ಪಂದ್ಯ ಆಡಬೇಕಾಗಬಹುದು.

ಈಗ ನೋಡಿ. 2021ರ ಒಕ್ಲಹಾಮಾ ಆ ಋತುವಿನಲ್ಲಿ 60 ಪಂದ್ಯದಿಂದ 161 ಹೋಮ್ ರನ್ (ನಮ್ಮ ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದಿತ್ತು. ಅದಕ್ಕೆ ಮೊದಲು ಒಂದು ಋತುವಿನಲ್ಲಿ ಅಷ್ಟು ಹೊಡೆದ ತಂಡವೇ ಇರಲಿಲ್ಲ. ಅಂಥ ತಂಡ ಕೊನೆಯ ಎಂಟರ ಹಂತದ ಮೊದಲ ಪಂದ್ಯವನ್ನೇ ಸೋತಿತು. ಸೋಲಿಸಿದ್ದು ಯಾರು? ಶ್ರೇಯಾಂಕವೇ ಇಲ್ಲದ ಜೇಮ್ಸ್ ಮ್ಯಾಡಿಸನ್! ಅಲ್ಲಿಂದ ಎದ್ದು ಬಂದು, ಅದೇ ಜೇಮ್ಸ್ ಮ್ಯಾಡಿಸನ್ ತಂಡವನ್ನು ಎರಡು ಸಲ ಬಡಿದು ಫೈನಲ್ ಸೇರಿತು. ಅಲ್ಲೂ ಫ್ಲೋರಿಡಾ ಸ್ಟೇಟ್ ಕೈಲಿ ಮೊದಲ ಪಂದ್ಯ ಸೋತು, ಉಳಿದೆರಡು ಗೆದ್ದಿತು. ಪೂರ್ತಿ ಎಂಟು ಪಂದ್ಯ. 2023ರ ತಂಡ ಅದೇ ಕಪ್ಪನ್ನು ಐದೇ ಪಂದ್ಯದಲ್ಲಿ ಗೆದ್ದಿತು. ಆ ವರ್ಷ ಅವರು 61 ಗೆದ್ದು ಒಂದೇ ಒಂದು ಸೋತರು. ಸತತ 53 ಗೆಲುವಿನೊಂದಿಗೆ ಋತು ಮುಗಿಸಿದರು.

ಒಂದು ತಂಡ ಎಂಟು ಪಂದ್ಯ ಬ್ಯಾಟ್ ಮಾಡಿದೆ, ಇನ್ನೊಂದು ಐದು. ಟೂರ್ನಿಯ ಒಟ್ಟು ರನ್ ಪಟ್ಟಿ ಹಾಕಿದರೆ ಎಡವಿ ಎದ್ದ ತಂಡಕ್ಕೇ ಅನುಕೂಲ. ಜೊತೆಗೆ ಅಲ್ಲಿ ಐದು ಇನ್ನಿಂಗ್ಸ್ ಆದ ಮೇಲೆ ಎಂಟು ರನ್ ಮುಂದಿದ್ದರೆ ಆಟ ಅಲ್ಲಿಗೇ ಮುಗಿಸುವ ನಿಯಮವೂ ಇದೆ. ಚೆನ್ನಾಗಿ ಹೊಡೆಯುವ ತಂಡಕ್ಕೆ ಆರು, ಏಳನೇ ಇನ್ನಿಂಗ್ಸ್ ಹೊಡೆಯಲು ಸಿಗುವುದೇ ಇಲ್ಲ. ಹಾಗಾಗಿ ನಾನು ಒಟ್ಟು ರನ್ ನೋಡುವುದಿಲ್ಲ, ಇನ್ನಿಂಗ್ಸಿಗೆ ಎಷ್ಟು ಅಂತ ನೋಡುತ್ತೇನೆ. ಜೋರು ಅಂದರೆ 2023. ಆದರೆ ಸ್ಕೋರ್ ಬರೆಯಲು ಒಂದೇ ಟೂರ್ನಿ ಆರಿಸು ಅಂದರೆ ನಾನು 2021ರದ್ದನ್ನೇ ಆರಿಸುತ್ತೇನೆ.

ಪ್ರಶ್ನೆ: ನಮ್ಮ ಪಿಚರ್ ಒಂದು ಪಂದ್ಯದಲ್ಲಿ 5.1 ಇನ್ನಿಂಗ್ಸ್, ಇನ್ನೊಂದರಲ್ಲಿ 6.2 ಹಾಕಿದಳು. ಮೊಬೈಲಿನಲ್ಲಿ ಕೂಡಿಸಿದರೆ 11.3. ಇಆರ್‌ಎ ಯಾಕೋ ಸರಿ ಬರುತ್ತಿಲ್ಲ.
— ದೈಹಿಕ ಶಿಕ್ಷಕರು, ಕುಮಟಾ

ಉತ್ತರ: ಸರ್, ಆ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಮೊಬೈಲಿಗೆ ಅದು ಗೊತ್ತಿಲ್ಲ. 5.1 ಅಂದರೆ ಐದು ಇನ್ನಿಂಗ್ಸ್ ಮತ್ತು ಒಂದು ಔಟ್. 6.2 ಅಂದರೆ ಆರು ಇನ್ನಿಂಗ್ಸ್, ಎರಡು ಔಟ್. ಮೂರು ಔಟಿಗೆ ಒಂದು ಇನ್ನಿಂಗ್ಸ್, ಹಾಗಾಗಿ ಒಟ್ಟು 12. ಹಳೇ ಕಾಲದ ರೂಪಾಯಿ, ಆಣೆ ಕೂಡಿಸಿದ ಹಾಗೆ ಕೂಡಿಸಿ.

ಈಗ ಇಆರ್‌ಎ, ಅಂದರೆ ಪಿಚರ್ (ಚೆಂಡು ಎಸೆಯುವವಳು) ಏಳು ಇನ್ನಿಂಗ್ಸಿಗೆ ಕೊಟ್ಟ ಅರ್ನ್‌ಡ್ ರನ್ ಸರಾಸರಿ. ಅರ್ನ್‌ಡ್ ರನ್ ಅಂದರೆ ಫೀಲ್ಡರ್ ತಪ್ಪಿಲ್ಲದೆ ಬಂದ ರನ್. ಅವಳ ಲೆಕ್ಕಕ್ಕೆ ಅಂಥ 4 ರನ್ ಬಿದ್ದಿವೆ ಅಂದುಕೊಳ್ಳಿ. ನಾಲ್ಕನ್ನು ಏಳರಿಂದ ಗುಣಿಸಿ 12ರಿಂದ ಭಾಗಿಸಿದರೆ 2.33. ಏಳು ಯಾಕೆಂದರೆ ಸಾಫ್ಟ್‌ಬಾಲ್ ಏಳು ಇನ್ನಿಂಗ್ಸಿನ ಆಟ. ಕೆಲವರು ಬೇಸ್‌ಬಾಲ್ ಅಭ್ಯಾಸದಲ್ಲಿ ಒಂಬತ್ತರಿಂದ ಗುಣಿಸುತ್ತಾರೆ, ಆಗ 3.00 ಬಂದು ಪಾಪದ ಹುಡುಗಿ ಕೆಟ್ಟವಳಾಗುತ್ತಾಳೆ.

ನೀವು ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ, ಯಾಕೆಂದರೆ ಈ ತಪ್ಪು ಎಲ್ಲರೂ ಮಾಡುತ್ತಾರೆ. ತಂಡದ ಬ್ಯಾಟಿಂಗ್ ಸರಾಸರಿ ಅಂದರೆ ಆಟಗಾರ್ತಿಯರ ಸರಾಸರಿಗಳ ಸರಾಸರಿ ಅಲ್ಲ. ಒಬ್ಬಳು ಒಂದೇ ಸಲ ಬ್ಯಾಟ್ ಮಾಡಿ ಒಂದು ಹಿಟ್ (ಫೀಲ್ಡರ್ ತಪ್ಪಿಲ್ಲದೆ ಬೇಸ್ ಮುಟ್ಟಿಸುವ ಹೊಡೆತ) ಹೊಡೆದಳು, ಅವಳದ್ದು 1.000. ಇನ್ನೊಬ್ಬಳು ಹತ್ತಕ್ಕೆ ಎರಡು, ಅವಳದ್ದು .200. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ .600 ಬರುತ್ತದೆ. ನಿಜ ಏನು? ಹನ್ನೊಂದಕ್ಕೆ ಮೂರು, .273. ವಾಕ್ (ಪಿಚರ್‌ನ ಕೆಟ್ಟ ಎಸೆತಗಳಿಂದ ಪುಕ್ಕಟೆ ಸಿಗುವ ಬೇಸ್) ಸಿಕ್ಕಿದ್ದು, ಸ್ಯಾಕ್ರಿಫೈಸ್ ಬಂಟ್ (ಓಟಗಾರ್ತಿಯನ್ನು ಮುಂದೆ ಕಳಿಸಲು ತಾನು ಔಟಾಗಿ ಮೆಲ್ಲಗೆ ತಟ್ಟುವುದು) ಹೊಡೆದದ್ದು ಇದರಲ್ಲಿ ಸೇರುವುದಿಲ್ಲ.

ಪ್ರಶ್ನೆ: ನಾನು ಹೊಡೆದ ಚೆಂಡು ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಕೈಯಿಂದ ಜಾರಿ ಹೋಯಿತು, ನಾನು ಫಸ್ಟ್ ಬೇಸ್ ಮುಟ್ಟಿದೆ. ಶೀಟಿನಲ್ಲಿ ‘ಇ6’ ಎಂದು ಬರೆದರು. ನನ್ನ ಹಿಟ್ ಹೋಯಿತು. ತಂಡ ಗೆದ್ದರೂ ಬೇಜಾರು ಹೋಗಿಲ್ಲ.
— ಆಟಗಾರ್ತಿ, ಅಂಕೋಲಾ

ಉತ್ತರ: ನಿನ್ನ ಬೇಜಾರು ನನಗೆ ಅರ್ಥವಾಗುತ್ತದೆ, ಆದರೆ ಚೆಂಡು ನಾನು ನೋಡಿಲ್ಲ. ಬೇರೆಯವರು ಬರೆದದ್ದನ್ನು ಇಲ್ಲಿ ಕುಳಿತು ತಿದ್ದುವುದಿಲ್ಲ. ನಾನು ಬರೆದು, ನಾನೇ ಅಳಿಸಿದ ಒಂದು ‘ಇ6’ ಕಥೆ ಹೇಳುತ್ತೇನೆ.

ಕಾರವಾರದಲ್ಲೇ ನಡೆದ ಅಂತರ ಕಾಲೇಜು ಪಂದ್ಯ. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಎದ್ದಿತ್ತು. ಶೀಟ್ ಹಾರದಿರಲಿ ಅಂತ ಒಂದು ಮೂಲೆಗೆ ಚಹಾ ಲೋಟ, ಇನ್ನೊಂದಕ್ಕೆ ನನ್ನ ಕನ್ನಡಕದ ಡಬ್ಬಿ ಇಟ್ಟಿದ್ದೆ. ಬ್ಯಾಟರ್ ನೆಲಕ್ಕೆ ಹೊಡೆದಳು. ಚೆಂಡು ಎರಡು ಪುಟಿ ಪುಟಿದು ನೇರ ಶಾರ್ಟ್‌ಸ್ಟಾಪ್ ಕಡೆಗೆ ಬಂತು. ಅವಳು ಸರಿಯಾಗೇ ನಿಂತಿದ್ದಳು, ಮಂಡಿ ಬಗ್ಗಿತ್ತು, ಗ್ಲೌಸ್ ನೆಲಕ್ಕೆ ತಾಗಿತ್ತು. ಮೂರನೇ ಪುಟಿಗೆ ಚೆಂಡು ದಿಢೀರನೆ ಮೇಲೆದ್ದು ಅವಳ ಭುಜಕ್ಕೆ ಬಡಿದು ಆಚೆ ಹೋಯಿತು. ನನ್ನ ಕೈ ‘ಇ6’ ಎಂದು ಬರೆದುಬಿಟ್ಟಿತ್ತು. ಇ ಅಂದರೆ ಎರರ್, ಆರು ಅಂದರೆ ಶಾರ್ಟ್‌ಸ್ಟಾಪ್.

ಇನ್ನಿಂಗ್ಸ್ ಬದಲಾಗುವಾಗ ಎದ್ದು ಹೋಗಿ ನೋಡಿದೆ. ಚೆಂಡು ಎದ್ದ ಜಾಗದಲ್ಲಿ ಅಡಿಕೆ ಗಾತ್ರದ ಚಿರೇಕಲ್ಲಿನ ಚೂರು ಅರ್ಧ ಹೂತಿತ್ತು. ನಿಯಮ ಕೇಳುವುದು ಒಂದೇ: ಸಾಮಾನ್ಯ ಪ್ರಯತ್ನದಲ್ಲಿ ಅವಳು ಔಟ್ ಮಾಡಬಹುದಿತ್ತಾ? ಕಲ್ಲಿಗೆ ತಾಗಿ ಎದ್ದ ಚೆಂಡನ್ನು ಯಾರೂ ಹಿಡಿಯುವುದಿಲ್ಲ ಮಾರಾಯ್ತಿ. ಇ6 ಅಳಿಸಿ ಹಿಟ್ ಬರೆದೆ. ಕಲ್ಲನ್ನು ತಂದು ಮೇಜಿನ ಮೇಲಿಟ್ಟೆ.

ಫೀಲ್ಡಿಂಗ್ ತಂಡದ ಕೋಚ್ ಬಂದರು. ಶಾರ್ಟ್‌ಸ್ಟಾಪ್ ತಪ್ಪು ಅಳಿಸಿದ್ದಕ್ಕೆ ಖುಷಿಪಡುತ್ತಾರೆ ಅಂದುಕೊಂಡೆ. ಸಿಟ್ಟಾಗಿದ್ದರು! ಆ ಓಟಗಾರ್ತಿ ಆಮೇಲೆ ರನ್ ಮಾಡಿದ್ದಳು. ಎರರ್ ಇದ್ದಾಗ ಆ ರನ್ ಪಿಚರ್ ಲೆಕ್ಕಕ್ಕೆ ಬೀಳುತ್ತಿರಲಿಲ್ಲ, ಹಿಟ್ ಆದ ಕೂಡಲೇ ಅದು ಅರ್ನ್‌ಡ್ ರನ್. ಒಂದು ಚಿಹ್ನೆ ಬದಲಾದರೆ ಬ್ಯಾಟರ್, ಅವಳ ತಂಡ, ಫೀಲ್ಡರ್, ಪಿಚರ್ ನಾಲ್ವರ ಖಾತೆಯೂ ಬದಲು. ನಾನು ಮಾತಾಡಲಿಲ್ಲ. ಕಲ್ಲು ತೋರಿಸಿದೆ. ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಬೌಂಡರಿ ಆಚೆ ಎಸೆದು ಹೋದರು.

ಪ್ರಶ್ನೆ: ಎದುರಾಳಿ ತಂಡ ಬರಲೇ ಇಲ್ಲ, ವಾಕ್‌ಓವರ್ ಸಿಕ್ಕಿತು. ಅದನ್ನು ತಂಡದ ಗೆಲುವಿನ ಪಟ್ಟಿಯಲ್ಲಿ ಬರೆಯಬಹುದಾ?
— ತಂಡದ ನಾಯಕಿ, ಯಲ್ಲಾಪುರ

ಉತ್ತರ: ಬರೀರಿ. 7-0. ಇನ್ನಿಂಗ್ಸಿಗೊಂದು ರನ್ ಲೆಕ್ಕ. ಗೆಲುವು ತಂಡಕ್ಕೆ, ಆದರೆ ಆ ಏಳು ರನ್ ಯಾರ ಹೆಸರಿಗೂ ಹೋಗುವುದಿಲ್ಲ. ಶೂ ಲೇಸ್ ಕಟ್ಟಿದ್ದಕ್ಕೆಲ್ಲ ಸರಾಸರಿ ಏರುವುದಿಲ್ಲ.

ಪ್ರಶ್ನೆ: ನನ್ನ ಅಮ್ಮ ಕಾಲೇಜಿನಲ್ಲಿದ್ದಾಗ ಸಾಫ್ಟ್‌ಬಾಲ್ ಆಡಿ ಯೂನಿವರ್ಸಿಟಿ ಬ್ಲೂ (ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು) ಆಗಿದ್ದವರು. ಅಮೆರಿಕದವರದ್ದು 1982ರಿಂದಲೂ ಸಿಗುತ್ತದೆ. ನಮ್ಮ ಜಿಲ್ಲೆಯ ಕಾಲೇಜು ತಂಡಗಳ ಹಳೇ ಲೆಕ್ಕ ಎಲ್ಲಿ ಹುಡುಕಲಿ?
— ಓದುಗ, ಹೊನ್ನಾವರ

ಉತ್ತರ: ಈ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಹಿಂದೆ ಕೆಲಸ ಮಾಡಿದ ಕಡೆ ಒಂದು ತಗಡಿನ ಟ್ರಂಕ್ ಇತ್ತು. ಅದರ ತುಂಬ ಸ್ಕೋರ್ ಶೀಟ್. ನನಗಿಂತ ಮುಂಚಿನವರು ಬರೆದದ್ದೂ ಇತ್ತು. ಬೇಸಿಗೆ ರಜೆಯಲ್ಲಿ ಸುಣ್ಣ ಬಣ್ಣ ಆಯಿತು, ಸ್ಟೋರ್ ರೂಮ್ ಖಾಲಿ ಮಾಡಿದರು. ರಜೆ ಮುಗಿಸಿ ಬಂದು ಕೇಳಿದರೆ, ‘ಕಪ್ಪು, ಶೀಲ್ಡು ಎಲ್ಲ ಜೋಪಾನ ಇಟ್ಟಿದ್ದೇವೆ ಮೇಡಂ, ಕಾಗದ ಮಾತ್ರ ರದ್ದಿಗೆ ಹೋಯ್ತು’ ಅಂದರು. ಆ ಕಪ್‌ಗಳ ಮೇಲೆ ತಂಡದ ಹೆಸರಿದೆ. ಯಾರು ಹೊಡೆದರು, ಯಾರು ಹಿಡಿದರು ಅಂತ ಇಲ್ಲ. ಈಗಲೂ ಗೂಡಂಗಡಿಯಲ್ಲಿ ಶೇಂಗಾ ಪೊಟ್ಟಣ ಬಿಚ್ಚಿದರೆ ನನ್ನ ಕಣ್ಣು ಕಾಗದದ ಮೇಲೇ ಹೋಗುತ್ತದೆ.

ನೀವು ಹೀಗೆ ಮಾಡಿ. ಅಮ್ಮನ ಕಾಲೇಜಿನ ಲೈಬ್ರರಿಯಲ್ಲಿ ಹಳೇ ವಾರ್ಷಿಕ ಸಂಚಿಕೆಗಳನ್ನು ಕೇಳಿ. ಹಿಂದಿನ ಪುಟಗಳಲ್ಲಿ ಜಿಮಖಾನಾ ವರದಿ ಇರುತ್ತದೆ, ತಂಡದ ಫೋಟೋದ ಕೆಳಗೆ ಕುಳಿತವರು, ನಿಂತವರು ಅಂತ ಹೆಸರುಗಳೂ ಇರುತ್ತವೆ. ಫೈನಲ್ ಯಾರ ಮೇಲೆ ಅನ್ನುವುದು ಅಲ್ಲಿ ಸಿಗಬಹುದು. ಅಮ್ಮನ ಮೆರಿಟ್ ಸರ್ಟಿಫಿಕೇಟ್ ಇದ್ದರೆ ಅದರ ಮೇಲೆ ವರ್ಷ, ಊರು ಇರುತ್ತದೆ. ಎರಡನ್ನೂ ಹಿಡಿದುಕೊಂಡು ನನಗೆ ಬರೆಯಿರಿ. ನನ್ನ ಸ್ವಂತ ನೋಟ್‌ಬುಕ್ ಎರಡು ಉಳಿದಿವೆ. ಒಂದರ ಅರ್ಧ ಪುಟಗಳಲ್ಲಿ ಮಳೆಗಾಲದ ಬೂಷ್ಟು ಹಿಡಿದು ಶಾಯಿ ಹಬ್ಬಿದೆ. ಆದರೂ ಭೂತಗನ್ನಡಿ ಹಿಡಿದು ನೋಡುತ್ತೇನೆ. ಅಮ್ಮ ಯಾವ ಜಾಗದಲ್ಲಿ ಆಡುತ್ತಿದ್ದರು ಅಂತ ಮರೆಯದೆ ಬರೆಯಿರಿ. ಹೆಸರು ಅಳಿಸಿಹೋದ ಕಡೆಯೂ ಅಂಕಿ ಉಳಿದಿರುತ್ತದೆ. ಕ್ಯಾಚರ್ ಆದರೆ 2, ಸೆಂಟರ್ ಫೀಲ್ಡ್ ಆದರೆ 8.

ಪ್ರಶ್ನೆ: ಈ ವರ್ಷದಿಂದ ನಾನೇ ಸ್ಕೋರ್ ಬರೆಯಬೇಕು ಅಂದಿದ್ದಾರೆ. ಪೆನ್ನೋ, ಪೆನ್ಸಿಲೋ?
— ಹೊಸ ಸ್ಕೋರರ್, ಕಾರವಾರ

ಉತ್ತರ: ಪೆನ್ಸಿಲ್. ಎರಡು ಕೆತ್ತಿ ಇಟ್ಟುಕೋ, ಒಂದು ಒಳ್ಳೇ ರಬ್ಬರ್ ಇರಲಿ. ಪಂದ್ಯ ಮುಗಿದ ಕೂಡಲೇ, ಯಾರೂ ಮೈದಾನ ಬಿಡುವ ಮೊದಲು, ಶೀಟಿನ ಎರಡೂ ಮಗ್ಗಲು ಮೊಬೈಲಿನಲ್ಲಿ ಫೋಟೋ ತೆಗೆ. ಕೋಚ್‌ಗಳ ಸಹಿ ಮಾತ್ರ ಪೆನ್ನಿನಲ್ಲೇ ಹಾಕಿಸಿಕೋ.