ಹನ್ನೊಂದನೆಯ ಬೆಡ್ಡಿನ ಅಜ್ಜ

ಗುರುತು ಸಿಗದಂತೆ ಹೆಸರು, ವಿವರಗಳನ್ನು ಬದಲಿಸಿದ್ದೇನೆ. ಸಲಹೆ ಕೇಳಿ ನನ್ನ ಬಳಿ ಬಂದ ಈ ಹುಡುಗಿ ಇಲ್ಲಿ ಸುಜಾತಾ. ಕುಂದಾಪುರ ಕಡೆಯ ಕುಟುಂಬ; ತಂದೆ ಠಾಣೆಯ ಹೋಟೆಲೊಂದರಲ್ಲಿ ಅಡುಗೆಯವರು, ಮನೆ ಡೊಂಬಿವಲಿಯಲ್ಲಿ. ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾದ ಮೂರನೆಯ, ಅಂದರೆ ಕೊನೆಯ ವರ್ಷದಲ್ಲಿದ್ದಳು.

ಕೂತವಳೇ ಕೇಳಿದ್ದು ಒಂದೇ ಮಾತು: "ಮೇಡಂ, ನರ್ಸಿಂಗ್ ಬಿಟ್ಟುಬಿಡಲಾ?"

ಪಿಯುಸಿಯಲ್ಲಿ ಕಾಮರ್ಸ್ ಓದಿದ್ದಳು. ಮಾವನ ಮಗಳು ಕುವೈತ್‌ನಲ್ಲಿ ನರ್ಸ್, ಊರಲ್ಲಿ ಮನೆ ಕಟ್ಟಿಸಿದ್ದಾಳೆ. "ನೀನೂ ಹಾಗೇ ಆಗಬೇಕು" ಎಂದು ಅಪ್ಪಯ್ಯ ಸೇರಿಸಿದ್ದರು. ನಾನು ಇಷ್ಟನ್ನು ಕೇಳಿಕೊಂಡು, ಮುಂದಿನ ಕೋರ್ಸು, ಕೆಲಸಗಳ ಬಗ್ಗೆ ಹೇಳತೊಡಗಿದೆ. ಅವಳು ತಲೆಯಾಡಿಸುತ್ತಾ ಹೋದಳು, ಕಣ್ಣು ಮಾತ್ರ ಎಲ್ಲೋ ಇತ್ತು. ಅವಸರ ನನ್ನದೇ ಆಗಿತ್ತು. ಅವಳು ಬಂದದ್ದು ಬೇರೆ ಕಾರಣಕ್ಕೆ ಎಂದು ಎರಡನೆಯ ಭೇಟಿಯಲ್ಲಿ ತಿಳಿಯಿತು.

ಮೆಡಿಸಿನ್ ವಾರ್ಡಿನ ಹನ್ನೊಂದನೆಯ ಬೆಡ್ಡಿನಲ್ಲಿ ಕಲಬುರಗಿ ಕಡೆಯ ಒಬ್ಬ ಅಜ್ಜ. ಕಟ್ಟಡ ಕೆಲಸಕ್ಕೆ ಬಂದವರು, ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಡಾಕ್ಟರ್ ರೌಂಡ್ಸಿಗೆ ಬಂದಾಗಲೆಲ್ಲ ಸುಜಾತಾಳನ್ನೇ ಕರೆಯುತ್ತಿದ್ದರು. ಮೊದಲ ದಿನ ಅಜ್ಜ ಅವಳ ಕೈ ಹಿಡಿದು, "ಯವ್ವಾ, ನಿನಗ ನಮ್ಮ ಮಾತು ಬರ್ತೈತೇನು?" ಎಂದಿದ್ದರಂತೆ. ಒಂಬತ್ತು ದಿನ ಅವರ ನೋವು, ನಿದ್ದೆ, ಮಲಮೂತ್ರ ಎಲ್ಲವೂ ಅವಳ ಬಾಯಿಂದಲೇ ಕೇಸ್ ಪೇಪರ್ ಸೇರಿತು. ವಾರದ ರಜೆ ಮುಗಿಸಿ ಬಂದಾಗ ಬೆಡ್ಡಿನ ಮೇಲೆ ಹೊಸ ಹಾಸು. ಮೂಲೆಗಳನ್ನು 45 ಡಿಗ್ರಿಗೆ ಮಡಿಸಿ, ಒಂದು ಸುಕ್ಕೂ ಇಲ್ಲದಂತೆ ಬಿಗಿದಿತ್ತು. ಮೊದಲ ವರ್ಷ ಅವಳು ನೂರಾರು ಸಲ ಮಾಡಿ ಕಲಿತದ್ದೇ ಆ ಮಡಿಕೆ. ವಾರ್ಡಿನ ಆಯಾ ಮಾವ್ಶಿಯನ್ನು ಕೇಳಿದಳು, ಅವರು ಕೈಯನ್ನು ಮೇಲಕ್ಕೆ ತೋರಿಸಿದರು. ಬಚ್ಚಲಿಗೆ ಹೋಗಿ ಅತ್ತಳು. "ಇಷ್ಟಕ್ಕೇ ಅತ್ತರೆ ಈ ಕೆಲಸ ಆಗುತ್ತದಾ?" ಎಂದರು ಹಿರಿಯರೊಬ್ಬರು. ಆ ಪ್ರಶ್ನೆಯನ್ನೇ ಹೊತ್ತು ನನ್ನ ಹತ್ತಿರ ಬಂದಿದ್ದಳು.

ನಾನು ಹೇಳಿದ್ದು: ದುಃಖ ಹಸಿಯಾಗಿರುವಾಗ ಕೋರ್ಸ್ ಬಿಡುವ ತೀರ್ಮಾನ ಬೇಡ, ಪರೀಕ್ಷೆವರೆಗೆ ಆ ಮಾತು ಬದಿಗಿರಲಿ. ನೀನು ಅತ್ತದ್ದು ಕೆಲಸ ಬಾರದ್ದಕ್ಕಲ್ಲ, ಒಂಬತ್ತು ದಿನ ಕೆಲಸವನ್ನು ಸರಿಯಾಗಿ ಮಾಡಿದ್ದಕ್ಕೆ. ಅಜ್ಜನ ವಿಷಯವನ್ನು ಅಮ್ಮನಿಗೆ ಕನ್ನಡದಲ್ಲೇ ಹೇಳು. (ಅಲ್ಲಿಯವರೆಗೆ ಅವಳ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.) ನೀನು ನಂಬುವ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಒಬ್ಬರಿಗೂ ತಿಳಿಸು. ರಾತ್ರಿ ತಡೆಯಲಾರದಷ್ಟಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೂ ಮಾತಾಡಬಹುದು.

ಕುವೈತ್ ಮಾತಿಗೆ ತಂದೆಯನ್ನೂ ಕರೆಸಿದೆ. ಏಜೆಂಟೊಬ್ಬ ಆಗಲೇ ಒಂದು ಲಕ್ಷ ಮುಂಗಡ ಕೇಳಿದ್ದ! ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕದ ಮಿತಿಯೇ 30,000 ರೂಪಾಯಿ, ಮೇಲೆ ಜಿಎಸ್‌ಟಿ. ವಿದೇಶೀ ಉದ್ಯೋಗದ ಸರ್ಕಾರಿ ಜಾಲತಾಣ ಇ-ಮೈಗ್ರೇಟ್‌ನಲ್ಲಿ ಹೆಸರಿದೆಯೇ ನೋಡದೆ ಒಂದು ಪೈಸೆ ಕೊಡಬೇಡಿ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಮಗಳಿಗೆ ಒಳ್ಳೆಯದಾಗಲಿ ಅಂತಲೇ ಮೇಡಂ" ಎಂದರು. ಆ ಮಾತಿನಲ್ಲಿ ನನಗೆ ಸಂಶಯವಿಲ್ಲ.

ಕಾಮರ್ಸ್ ಓದಿದ್ದರಿಂದ ಪದವಿ ಇನ್ನು ಕನಸೇ ಎಂದುಕೊಂಡಿದ್ದಳು. ಹಾಗಿಲ್ಲ. ಜಿಎನ್‌ಎಂ ಪಾಸಾಗಿ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಆಮೇಲೆ ಎಂಎಸ್ಸಿ, ಪಾಠ ಹೇಳುವ ಕೆಲಸ. ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದರೆ ಏಮ್ಸ್‌ನ ನರ್ಸಿಂಗ್ ಆಫೀಸರ್ ನೇಮಕಾತಿಯ ನಾರ್ಸೆಟ್ ಪರೀಕ್ಷೆಗೂ ಕೂರಬಹುದು. ಆ ಎರಡು ವರ್ಷ ಮುಂಬಯಿಯಲ್ಲೇ ಆಗಲಿ, ವಿದೇಶದ ಮಾತು ಆಮೇಲೆ ನೋಡೋಣ ಎಂದು ಅಪ್ಪ, ಮಗಳು ನನ್ನ ಮುಂದೆಯೇ ಒಪ್ಪಿಕೊಂಡರು.

ಮೂರು ತಿಂಗಳ ಮೇಲೆ ಮತ್ತೆ ಬಂದಳು. ಪಾಠ ಹೇಳುವ ಸಿಸ್ಟರ್ ಆಗಬೇಕೆಂದಿದೆ, ಹೊಸ ಹುಡುಗಿಯರಿಗೆ ಬೆಡ್ ಮೇಕಿಂಗ್ ಜೊತೆ ಈ ದುಃಖದ ಬಗ್ಗೆಯೂ ಹೇಳಿಕೊಡಬೇಕು ಎಂದಳು. ಅದೇ ವಾರ್ಡಿಗೆ ಮತ್ತೆ ಪೋಸ್ಟಿಂಗ್ ಆಗಿತ್ತು. ಹನ್ನೊಂದನೆಯ ಬೆಡ್ಡಿನ ಹತ್ತಿರ ಹೋದೆಯಾ ಎಂದು ಕೇಳಿದೆ.

"ಈಗ ಅಲ್ಲಿ ಒಬ್ಬರು ಮರಾಠಿ ಆಜಿ ಇದ್ದಾರೆ ಮೇಡಂ. ಒಮ್ಮೆ ಕೈ ಹಿಡಿದರೆ ಬಿಡುವುದೇ ಇಲ್ಲ" ಎಂದು ಗಡಿಯಾರ ನೋಡಿ ಎದ್ದಳು. ಎರಡು ಗಂಟೆಗೆ ಶಿಫ್ಟಿತ್ತು.