ಗಿಟಾರಿನ ಹಲಗೆ ಯಾವ ಸ್ವರಕ್ಕೆ ಬರುವ ತನಕ ಕೆರೆಯಬೇಕು?

ಮನೆಯಲ್ಲೇ ಮಾಡುತ್ತಿರುವ ನಿಮ್ಮ ಮೊದಲನೇ ಸ್ಟೀಲ್ ತಂತಿಯ ಗಿಟಾರಿಗೆ ಮುಖದ ಸ್ಪ್ರೂಸ್ ಮರದ ಹಲಗೆ 3 ಮಿ.ಮೀ.ಗೆ ಬಂದಿದೆ, ತಟ್ಟಿದರೆ ಯಾವ ಸ್ವರ ಬರುವ ತನಕ ಇನ್ನೂ ತೆಳು ಮಾಡಬೇಕು ಅಂತ ಕೇಳಿದ್ದೀರಿ. ಸ್ವರದ ಹಿಂದೆ ಹೋಗಬೇಡಿ. ನಾನು ಹೋಗಿ ಒಂದು ಗಿಟಾರ್ ಹಾಳು ಮಾಡಿಕೊಂಡಿದ್ದೇನೆ.

ನನ್ನ ಮೊದಲನೇ ಗಿಟಾರು ಅದು. ಪಕ್ಕದಲ್ಲಿ ಟ್ಯೂನರ್ ಆ್ಯಪ್ ಇಟ್ಟುಕೊಂಡು ತೋಪಡ ಹೊಡೆದದ್ದೇ ಹೊಡೆದದ್ದು. 2.2 ಮಿ.ಮೀ.ಗೆ ಇಳಿದಾಗ ಬೇಕಾದ ಸ್ವರ ಸಿಕ್ಕಿತು. ತಂತಿ ಕಟ್ಟಿದ ಮೊದಲ ವಾರ ದನಿ ಏನು ಚೆನ್ನಾಗಿತ್ತು ಅಂತೀರಿ! ಮೂರು ತಿಂಗಳಿಗೆ ಬ್ರಿಡ್ಜಿನ (ತಂತಿಗಳನ್ನು ಹಲಗೆಗೆ ಕಟ್ಟುವ ಮರದ ತುಂಡಿನ) ಹಿಂದೆ ಹಲಗೆ ಉಬ್ಬಿತು, ಮುಂದೆ ಹಳ್ಳ ಬಿತ್ತು. ಆರು ತಂತಿ ಸೇರಿ ಸುಮಾರು 70 ಕಿಲೋ ಎಳೆಯುತ್ತವೆ, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಬರೀ ಹಲಗೆಯ ಸ್ವರಕ್ಕೆ ಯಾಕೆ ಬೆಲೆ ಇಲ್ಲ ಅಂದರೆ, ಅದು ಹಲಗೆಯ ಅಳತೆಯ ಜೊತೆ ಬದಲಾಗುತ್ತದೆ. ಗಿಟಾರಿನ ಆಕಾರಕ್ಕೆ ಕತ್ತರಿಸಿದರೆ ಒಂದು, ಬ್ರೇಸ್ (ಹಲಗೆಯ ಒಳಗಡೆಯ ಆಸರೆ ಪಟ್ಟಿ) ಅಂಟಿಸಿದರೆ ಇನ್ನೊಂದು, ಪಕ್ಕೆಗೆ ಕೂರಿಸಿದ ಮೇಲೆ ಮತ್ತೊಂದು. ಸಾಲದ್ದಕ್ಕೆ ಭಾರವಾದ ಗಟ್ಟಿ ಹಲಗೆಗೂ ಹಗುರವಾದ ಮೆತ್ತನೆ ಹಲಗೆಗೂ ಒಂದೇ ಸ್ವರ ಬರಬಹುದು.

ನೋಡಬೇಕಾದದ್ದು ಬಿಗಿ, ಅಂದರೆ ಹಲಗೆ ಬಾಗದೆ ಎಷ್ಟು ತಡೆಯುತ್ತದೆ ಅನ್ನುವುದು. ಇಲ್ಲೊಂದು ಲೆಕ್ಕ ಗೊತ್ತಿರಲಿ. 3 ಮಿ.ಮೀ. ಹಲಗೆಯನ್ನು 2.7ಕ್ಕೆ ಇಳಿಸಿದರೆ ತೂಕ ಹತ್ತು ಪರ್ಸೆಂಟ್ ಕಡಿಮೆ ಆಗುತ್ತದೆ, ಬಿಗಿ ಮಾತ್ರ 27 ಪರ್ಸೆಂಟ್ ಹೋಗುತ್ತದೆ. ಸ್ವರ ಹೆಚ್ಚುಕಡಿಮೆ ಷಡ್ಜದಿಂದ ಕೆಳಗಿನ ಕೈಶಿಕಿ ನಿಷಾದಕ್ಕೆ ಇಳಿಯುತ್ತದೆ. ಕೊನೆಯ ನಾಲ್ಕೈದು ಸಲದ ಉಜ್ಜುವಿಕೆಯಲ್ಲೇ ಎಲ್ಲ ಕೆಡುವುದು ಇದಕ್ಕೇ.

ಎರಡು ಕೋಲಿನ ಮೇಲೆ ಹಲಗೆ ಮಲಗಿಸಿ, ನಡುವೆ ಒಂದು ಕಿಲೋ ಸಕ್ಕರೆ ಪೊಟ್ಟಣ ಇಡಿ. ಎಷ್ಟು ಬಾಗಿತು ಅಂತ ಅಳೆದು ಬರೆದಿಡಿ. ಪ್ರತಿ ಸಲ ಕೆರೆದ ಮೇಲೂ ಹೀಗೇ ಮಾಡಿ. ಅಡ್ಡಡ್ಡವಾಗಿಯೂ ಕೈಯಲ್ಲಿ ಬಾಗಿಸಿ ನೋಡಿ. ಸ್ಪ್ರೂಸ್ ನಾರಿನ ಉದ್ದಕ್ಕೆ ಇರುವಷ್ಟು ಬಿಗಿಯ ಸುಮಾರು ಹತ್ತನೇ ಒಂದು ಭಾಗ ಮಾತ್ರ ಅಡ್ಡಕ್ಕೆ ಇರುತ್ತದೆ. ಅಲ್ಲಿ ರಬ್ಬರಿನ ಹಾಗೆ ಬಳುಕಿದರೆ ಆ ಹಲಗೆಯನ್ನು ದಪ್ಪವಾಗೇ ಬಿಡಿ.

ತಟ್ಟುವುದು ಬೇಡ ಅಂತಲ್ಲ. ತುದಿಯಿಂದ ಕಾಲುಭಾಗಕ್ಕಿಂತ ಸ್ವಲ್ಪ ಈಚೆಗೆ, ಅಂಚಿನಲ್ಲಿ ಎರಡೇ ಬೆರಳಲ್ಲಿ ಹಿಡಿದು ನಡುವೆ ತಟ್ಟಿ. ಬೇರೆ ಕಡೆ ಹಿಡಿದರೆ ಒಳ್ಳೆಯ ಹಲಗೆಯೂ ಡಬ್ ಡಬ್ ಅನ್ನುತ್ತದೆ. ದನಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೇಳಿ, ಸಾಕು. ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ನಂಬಬೇಡಿ, ತೇವ ಹಿಡಿದ ಮರ ಮಂಕಾಗಿ ಕೇಳಿಸುತ್ತದೆ. ಜುಲೈನಲ್ಲಿ ಬ್ರೇಸ್ ಅಂಟಿಸಲೂ ಬೇಡಿ. ಮಾರ್ಚ್ ಬಿಸಿಲಿಗೆ ಹಲಗೆ ಕುಗ್ಗುತ್ತದೆ, ಬ್ರೇಸ್ ಬಿಡುವುದಿಲ್ಲ, ಕೊನೆಗೆ ಸೀಳು ಬಿಡುತ್ತದೆ. ಗಾಳಿಯ ತೇವ 45ರಿಂದ 50 ಪರ್ಸೆಂಟ್ ಇರುವ ದಿನ ನೋಡಿಕೊಳ್ಳಿ.

ಮೊದಲನೇ ಗಿಟಾರು ಅಂದಿರಿ, 2.8ರಲ್ಲಿ ನಿಲ್ಲಿಸಿ. ಉಳಿದ ಕೆಲಸ ಬ್ರೇಸಿನಲ್ಲಿ. 10 ಮಿ.ಮೀ. ಎತ್ತರದ ಬ್ರೇಸನ್ನು 8ಕ್ಕೆ ಇಳಿಸಿದರೆ ಅದರ ಬಿಗಿ ಅರ್ಧಕ್ಕೆ ಬರುತ್ತದೆ, ಹಾಗಾಗಿ ಅಲ್ಲೂ ಉಳಿ ಮೆಲ್ಲಗೆ ಓಡಲಿ. (ಹಲಗೆ, ಬ್ರೇಸ್ ಎರಡಕ್ಕೇ ಇಷ್ಟೊಂದು ಯಾಕೆ ಅನ್ನಿಸಿದರೆ, ದನಿ ಬರುವುದು ಮುಖದ ಹಲಗೆಯಿಂದಲೇ ಅಂತ ತೋರಿಸಲು ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೊ ಡಿ ಟೊರೆಸ್ 1862ರಲ್ಲಿ ಪಕ್ಕೆ, ಬೆನ್ನು ಎರಡನ್ನೂ ಕಾಗದದ ರಟ್ಟಿನಲ್ಲಿ ಮಾಡಿ, ಮುಖದ ಹಲಗೆ ಮಾತ್ರ ಮರದ್ದು ಇಟ್ಟು ಗಿಟಾರ್ ಕಟ್ಟಿದ್ದ.)

ಆಮೇಲೆ ಪಾಲಿಶ್ ಮಾಡುವ ಮೊದಲೇ ತಂತಿ ಕಟ್ಟಿ ಒಂದೆರಡು ವಾರ ನುಡಿಸಿ. ದನಿ ಬಿಗಿದ ಹಾಗೆ ಅನ್ನಿಸಿದರೆ ಬ್ರಿಡ್ಜಿನ ಕೆಳಗೆ ಗಿಟಾರ್ ಅಗಲವಾಗಿರುವ ಕಡೆ ಹಲಗೆಯ ಅಂಚನ್ನು ಹೊರಗಿನಿಂದ ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿ, ಮತ್ತೆ ನುಡಿಸಿ ನೋಡಿ. ನನ್ನ ಎರಡನೇ ಗಿಟಾರಿಗೆ ಅದೂ ಬೇಕಾಗಲಿಲ್ಲ.